ಪುಟಸಂಖ್ಯೆ ಇಲ್ಲದ ಕೋರಿಕೆ

ದಪ್ಪ ರಟ್ಟಿನ ಪುಸ್ತಕದ ಪುಟವೊಂದನ್ನು ಮೊಬೈಲಿನಲ್ಲಿ ಫೋಟೋ ತೆಗೆದರೆ, ತೆಗೆದವರ ಎಡಗೈ ಹೆಬ್ಬೆರಳೂ ಚಿತ್ರದಲ್ಲಿ ಬಂದೇ ಬರುತ್ತದೆ. ಪುಸ್ತಕ ಮುಚ್ಚಿಕೊಳ್ಳದಂತೆ ಯಾರಾದರೂ ಒತ್ತಿ ಹಿಡಿಯಬೇಕಲ್ಲ! ಇದನ್ನು ನೀವು ಗಮನಿಸಿರಲಾರಿರಿ. ಗಮನಿಸಲೇಬೇಕಾದ ಸಂಗತಿಯೂ ಅಲ್ಲ. ಆದರೆ ಕಾನೂನು ಗ್ರಂಥಪಾಲಕರ ವಾಟ್ಸಾಪ್ ಗುಂಪಿನಲ್ಲಿ ಕೆಲವು ವರ್ಷ ಕಳೆದ ನನಗೆ, ಈ ಊರಿನ ಸಹೋದ್ಯೋಗಿಗಳಲ್ಲಿ ಬಹುಪಾಲು ಮಂದಿ ಮುಖದಿಂದಲ್ಲ, ಹೆಬ್ಬೆರಳಿನಿಂದ ಪರಿಚಿತರು. ಗೋರಂಟಿಯ ಕೆಂಪು ಅರ್ಧ ಇಳಿದ ಉಗುರು ವಿಜಯನಗರದ ಪಂಕಜಾ ಅವರದು. ಸ್ಟಾಂಪ್ ಪ್ಯಾಡಿನ ನೇರಳೆ ಮಸಿ ಅಂಟಿದ್ದು ಕೆಂಗೇರಿಯ ಶಿವಲಿಂಗಯ್ಯನವರದು. ಆನ್‌ಲೈನ್ ಸಂಪನ್ಮೂಲ ಎಂದು ಸಭೆಗಳಲ್ಲಿ ವರ್ಣಿಸಲಾಗುವ ವಸ್ತುವಿನ ನಿಜರೂಪ ನನ್ನ ಮಟ್ಟಿಗೆ ಇಷ್ಟೇ: ಓರೆಯಾದ ಒಂದು ಪುಟ, ಅದರ ಮೂಲೆಯಲ್ಲಿ ಒಂದು ಹೆಬ್ಬೆರಳು.

ನಾನು ರಾಜಾಜಿನಗರದ ಕಾನೂನು ಕಾಲೇಜೊಂದರ ಗ್ರಂಥಾಲಯವನ್ನು ಮೂವತ್ತೊಂದು ವರ್ಷ ಆಳಿ ನಿವೃತ್ತಳಾದವಳು. ಆಳಿ ಎಂಬ ಪದವನ್ನು ಯೋಚಿಸಿಯೇ ಬಳಸಿದ್ದೇನೆ. ನನ್ನ ತಂದೆ ಅಲ್ಲೇ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಟೈಮ್‌ಕೀಪರ್ ಆಗಿದ್ದರಿಂದ ನಮ್ಮ ಮನೆಯಲ್ಲಿ ಹಸಿವು ಹೊಟ್ಟೆಯಲ್ಲಿ ಹುಟ್ಟುತ್ತಿರಲಿಲ್ಲ, ಸೈರನ್ನಿನಲ್ಲಿ ಹುಟ್ಟುತ್ತಿತ್ತು. ಮೊದಲನೆಯ ಸೈರನ್ನಿಗೆ ಸ್ನಾನ, ಎರಡನೆಯದಕ್ಕೆ ತಿಂಡಿ. ನಡುವೆ ಅತ್ತರೆ ಅಳುವಿಗೆ ಕಾಲಾವಕಾಶವಿರಲಿಲ್ಲ. ಈಗ ಬಸವೇಶ್ವರನಗರದ ಮನೆಯಲ್ಲಿ ಸೈರನ್ ಇಲ್ಲದಿದ್ದರೂ ಐದಕ್ಕೆ ಏಳುತ್ತೇನೆ, ಆರಕ್ಕೆ ನಡೆಯುತ್ತೇನೆ, ಏಳಕ್ಕೆ ಪತ್ರಿಕೆಯಲ್ಲಿನ ತಪ್ಪುಗಳಿಗೆ ಕೆಂಪು ಗೆರೆ ಎಳೆಯುತ್ತೇನೆ. ಅಡುಗೆಮನೆಯ ಡಬ್ಬಗಳಿಗೆ ನಾನು ವರ್ಗೀಕರಣ ಸಂಖ್ಯೆ ಅಂಟಿಸಿದ್ದನ್ನು ಕಂಡ ತಂಗಿ, “ಅಕ್ಕಾ, ಸಾಸಿವೆ ತಗೊಳ್ಳೋಕೆ ಕಾರ್ಡ್ ಬೇಕೇನೇ?” ಎಂದು ಕೇಳಿದ್ದಳು. ಬೇಕಾಗಿಲ್ಲ, ಆದರೆ ತೆಗೆದಲ್ಲೇ ಇಡಬೇಕು ಎಂದೆ.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ನಮ್ಮ ವೃತ್ತಿಗೆ, ತೀರ್ಪುಗಳನ್ನು ಕಂಪ್ಯೂಟರಿನಲ್ಲೇ ಹುಡುಕಿಕೊಡುವ ಡೇಟಾಬೇಸ್ ಎಂಬುದು ಬಂತು. ಮಾರಲು ಬಂದ ಟೈಧಾರಿಗಳೆಲ್ಲ ಒಂದೇ ಮಂತ್ರ ಕಲಿತಿದ್ದರು: “ಜಸ್ಟ್ ಒಂದ್ ಕ್ಲಿಕ್ ಮೇಡಂ!” ಆ ಕ್ಲಿಕ್ಕಿಗೆ ಮೊದಲು ಬಳಕೆದಾರರ ಹೆಸರು, ಗುಪ್ತಪದ, ಮೊಬೈಲಿಗೆ ಬರುವ ಒಟಿಪಿ, ಆ ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡು ಊಟಕ್ಕೆ ಹೋಗಿರುವ ಪ್ರಾಂಶುಪಾಲರ ಅನ್ವೇಷಣೆ, ಇಷ್ಟು ಪೂರ್ವವಿಧಿಗಳಿವೆಯೆಂದು ಯಾರೂ ಹೇಳಲಿಲ್ಲ. ಗುಪ್ತಪದವನ್ನು ಯಾರಿಗೂ ತಿಳಿಸಕೂಡದೆಂಬ ಸುತ್ತೋಲೆಯನ್ನು ಗೋಡೆಗೆ ಅಂಟಿಸಿದೆವು. ಮರೆತುಹೋಗದಿರಲೆಂದು ಅದರ ಕೆಳಗೆ ಗುಪ್ತಪದವನ್ನೂ ಬರೆದೆವು. ಕೆಂಗೇರಿಯ ಸಂಜೆ ಕಾನೂನು ಕಾಲೇಜಿನಲ್ಲಿ, ಅಂದರೆ ಶಿವಲಿಂಗಯ್ಯನವರ ಗ್ರಂಥಾಲಯದಲ್ಲಿ, ಡೇಟಾಬೇಸಿನೊಳಕ್ಕೆ ಏಕಕಾಲಕ್ಕೆ ಮೂವರಿಗಷ್ಟೇ ಪ್ರವೇಶ. ನಾಲ್ಕನೆಯವನು ಒಳಗೆ ಕಾಲಿಟ್ಟರೆ ಮೊದಲನೆಯವನು ಅರ್ಧ ವಾಕ್ಯದಲ್ಲಿದ್ದರೂ ಹೊರಬೀಳುತ್ತಿದ್ದ. ಶಿವಲಿಂಗಯ್ಯನವರು ಚೀಲ ಇಟ್ಟವರಿಗೆ ಕೊಡುತ್ತಿದ್ದ ಹಿತ್ತಾಳೆ ಬಿಲ್ಲೆಗಳಲ್ಲಿ ಮೂರನ್ನು ತೆಗೆದಿಟ್ಟು, ಬಿಲ್ಲೆ ಕೈಯಲ್ಲಿದ್ದವರು ಮಾತ್ರ ಅಂತರ್ಜಾಲಕ್ಕೆ ಇಳಿಯತಕ್ಕದ್ದೆಂದು ಗೊತ್ತುಮಾಡಿದರು. ಅಂತರಿಕ್ಷದಲ್ಲೆಲ್ಲೋ ಇರುವ ಜ್ಞಾನಭಂಡಾರಕ್ಕೆ ಕೆಂಗೇರಿಯಲ್ಲಿ ಹಿತ್ತಾಳೆಯ ಕಾವಲು. ತರಬೇತಿಗೆಂದು ಬಂದ ಟೈಧಾರಿ ಇದನ್ನು ನೋಡಿ ನಕ್ಕನಂತೆ. ಆ ಗ್ರಂಥಾಲಯದಲ್ಲಿ ಜಗಳವಿಲ್ಲದೆ ನಡೆಯುತ್ತಿದ್ದ ಏಕೈಕ ವ್ಯವಸ್ಥೆ ಅದೇ ಎಂಬುದು ಅವನಿಗೆ ಹೊಳೆಯಲಿಲ್ಲ.

ನಮಗೊಂದು ಸಂಘವೂ ಇದೆ. ತಿಂಗಳ ಎರಡನೆಯ ಶನಿವಾರ ವಿಜಯನಗರದ ಹೋಟೆಲೊಂದರ ಮಹಡಿಯಲ್ಲಿ ಸೇರಿ ಡಿಜಿಟಲ್ ಯುಗವನ್ನು ಎದುರಿಸುತ್ತೇವೆ. ಪ್ರೊಜೆಕ್ಟರಿಗೂ ಲ್ಯಾಪ್‌ಟಾಪಿಗೂ ಅಂದು ಮಾತುಕತೆ ಇರುವುದಿಲ್ಲ. ಅವು ರಾಜಿಯಾಗುವತನಕ ಶಾಲು, ಹಾರ, ಪೇಟ, ಮತ್ತೊಮ್ಮೆ ಶಾಲು. ಹೀಗಾಗಿ ಡಿಜಿಟಲ್ ಯುಗವನ್ನು ಪ್ರತಿ ಬಾರಿಯೂ ಊಟದ ನಂತರಕ್ಕೆ ಮುಂದೂಡಲಾಗುತ್ತದೆ. ಮೊಸರನ್ನ ಮುಗಿಯುವಷ್ಟರಲ್ಲಿ ಅರ್ಧ ಸಭೆ ಮೆಟ್ರೊದಲ್ಲಿರುತ್ತದೆ. ಆನ್‌ಲೈನ್ ಉಪನ್ಯಾಸಗಳ ಸೊಗಸೇ ಬೇರೆ. ಹಾಜರಾತಿಯ ಪ್ರಮಾಣಪತ್ರ ಉಪನ್ಯಾಸಕ್ಕಿಂತ ಮೊದಲೇ ಬಂದುಬಿಡುವುದರಿಂದ ಕೇಳುಗರೆಲ್ಲ ಧ್ವನಿ ಮುಚ್ಚಿ, ಚಿತ್ರ ಮುಚ್ಚಿ, ಪರಬ್ರಹ್ಮದಂತೆ ನಿರಾಕಾರರಾಗಿರುತ್ತಾರೆ. ಭಾಷಣಕಾರರಿಗೆ ದಕ್ಕುವ ಏಕೈಕ ಪ್ರತಿಕ್ರಿಯೆ ಯಾರದೋ ಮನೆಯ ಕುಕ್ಕರಿನದು.

ಇಂಥ ಸಂಘದವರು ನನ್ನ ಶಿಸ್ತಿನ ಕೀರ್ತಿಯನ್ನು ನಂಬಿ ವಾಟ್ಸಾಪ್ ಗುಂಪಿನ ಅಡ್ಮಿನ್ ಪಟ್ಟವನ್ನು ನನಗೆ ಕಟ್ಟಿದರು. ಅಧಿಕಾರ ಚಿಕ್ಕದಾದಷ್ಟೂ ಚಲಾಯಿಸುವ ಉತ್ಸಾಹ ದೊಡ್ಡದಾಗುತ್ತದೆಂಬುದಕ್ಕೆ ನಾನೇ ಸಾಕ್ಷಿ, ಆರೋಪಿಯೂ ನಾನೇ. ಅಲ್ಲಿಯವರೆಗೆ ಆ ಗುಂಪು ಒಂದು ಸಂತೆಯಂತಿತ್ತು. ದಾಸವಾಳ ಹಿಡಿದ ಶುಭೋದಯಗಳು, ಯಾರದೋ ಹುಟ್ಟುಹಬ್ಬಕ್ಕೆ ನಲವತ್ತು ಕೇಕುಗಳು, ಅವುಗಳ ನಡುವೆ ಮುಳುಗುತ್ತಿದ್ದ, ಯಾವುದೋ ತೀರ್ಪಿನ ಪುಟದ ಫೋಟೋ ಬೇಕೆಂಬ ಒಂದು ಬಡ ಕೋರಿಕೆ. ನಾನು ಒಂದೇ ವಾರದಲ್ಲಿ ನಿಯಮಾವಳಿ ರಚಿಸಿದೆ. ಶುಭೋದಯ, ಹುಟ್ಟುಹಬ್ಬದ ಹಾರೈಕೆ ಎರಡೂ ನಿಷಿದ್ಧ. ಕೋರಿಕೆಗಳು ಹತ್ತರಿಂದ ಐದರವರೆಗೆ ಮಾತ್ರ. ಪ್ರತಿ ಕೋರಿಕೆಯಲ್ಲಿ ತೀರ್ಪು ಪ್ರಕಟವಾದ ವರದಿಯ ಹೆಸರು, ವರ್ಷ, ಸಂಪುಟ, ಪುಟ, ಕಕ್ಷಿದಾರರು, ಉದ್ದೇಶ, ಕೋರುವವರ ಹೆಸರು ಎಂಬ ಏಳು ಅಂಶಗಳು ಇದೇ ಕ್ರಮದಲ್ಲಿರತಕ್ಕದ್ದು. ಅಡ್ಮಿನ್‌ಗೆ ಖಾಸಗಿಯಾಗಿ ಫೋನ್ ಮಾಡಕೂಡದು; ಎಲ್ಲವೂ ಗುಂಪಿನಲ್ಲೇ. ಮೂರು ಬಾರಿ ತಪ್ಪಿದವರನ್ನು ತೆಗೆದುಹಾಕಲಾಗುವುದು. ಗುಂಪು ಸ್ಮಶಾನದಷ್ಟು ಸ್ವಚ್ಛವಾಯಿತು. ನಾನು ಅದನ್ನು ವೃತ್ತಿಪರತೆ ಎಂದು ಕರೆದೆ.

ಒಂದು ಗುರುವಾರ ಬೆಳಿಗ್ಗೆ ಹತ್ತು ದಾಟಿ ಐದು ನಿಮಿಷಕ್ಕೆ ಶಿವಲಿಂಗಯ್ಯನವರ ಸಂದೇಶ ಬಂತು: “ಅರ್ಜೆಂಟ್. ಹಳೇ ಕೇಸು. ಬಾವಿ ಮುಚ್ಚಿಸಿದ್ದು. ದಾಯಾದಿಗಳು. ಯಾರಿಗಾದ್ರೂ ನೆನಪಿದೆಯಾ ದಯವಿಟ್ಟು.” ವರ್ಷವಿಲ್ಲ, ಸಂಪುಟವಿಲ್ಲ, ಪುಟವಿಲ್ಲ. ಅವರ ಹೆಸರಿನಲ್ಲಿ ಆಗಲೇ ಎರಡು ಅಪರಾಧಗಳಿದ್ದವು: ಒಂದು ದಾಸವಾಳ, ಒಂದು ಕೇಕು. ಇದು ಮೂರನೆಯದು. ಹತ್ತು ದಾಟಿ ಏಳು ನಿಮಿಷಕ್ಕೆ ಅವರು ಗುಂಪಿನಲ್ಲಿರಲಿಲ್ಲ. ನಾನು ಎರಡನೆಯ ಕಾಫಿ ಕುಡಿದೆ. ಅಂದು ಅದು ಎಂದಿಗಿಂತ ಚೆನ್ನಾಗಿತ್ತು.

ಶನಿವಾರ ಬೆಳಿಗ್ಗೆ ಪಂಕಜಾ, ನಿಯಮ ಮೀರಿ, ನೇರವಾಗಿ ಫೋನ್ ಮಾಡಿದರು.

“ಏನ್ರೀ ಮೇಡಂ, ಶಿವಲಿಂಗಯ್ಯನ್ನ ತೆಗೆದ್ಬಿಟ್ರಂತಲ್ಲ?”

“ಮೂರು ಸಲ ಆಯ್ತು ಪಂಕಜಾ.”

“ಅಯ್ಯೋ, ನಿಮ್ಮ ಮೂರು ಸಲಕ್ಕಿಷ್ಟು! ಪಾಪ, ಅವರ ಕೆಲಸಾನೇ ಹೋಗುತ್ತೆ ಕಣ್ರೀ.”

ಆಮೇಲೆ ಅವರಿಂದಲೇ ವಿಷಯ ತಿಳಿಯಿತು. ಆ ಕಾಲೇಜಿನ ಕಾರ್ಯದರ್ಶಿಗಳು ಕೆಂಗೇರಿ ಕಡೆಯ ಹಳೆಯ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ವಕೀಲರನ್ನು ಬೆಳೆಯತೊಡಗಿದವರು. ಕಾಲೇಜಿನ ವಾಹನ ನಿಲುಗಡೆಗೆಂದು, ದಾಯಾದಿಯ ಜೊತೆ ಹಂಚಿಕೊಂಡಿದ್ದ ಬಾವಿಯೊಂದನ್ನು ಮುಚ್ಚಿಸಿದ್ದರು. ದಾಯಾದಿ ಕೋರ್ಟಿಗೆ ಹೋಗಿದ್ದ. ಇಂಥದ್ದೇ ಹಳೆಯ ತೀರ್ಪೊಂದಿದೆಯೆಂದು ಅವರ ವಕೀಲರು ಎಲ್ಲೋ ಕೇಳಿದ್ದರು, ಎಲ್ಲಿ ಎಂದು ಮರೆತಿದ್ದರು. ಡೇಟಾಬೇಸಿನಲ್ಲಿ ಅದು ಸಿಗಲಿಲ್ಲ. ಸಿಗುವುದು ಸಾಧ್ಯವೂ ಇರಲಿಲ್ಲ. ಅದು ಪ್ರಕಟವಾದ ಸಣ್ಣ ವರದಿಮಾಲೆ ಕಂಪ್ಯೂಟರುಗಳು ಬರುವ ಮೊದಲೇ ನಿಂತುಹೋಗಿತ್ತು, ಅದನ್ನು ಯಾರೂ ಒಳಗೆ ಸೇರಿಸಿರಲಿಲ್ಲ. ಕಾರ್ಯದರ್ಶಿಗಳು ಶಿವಲಿಂಗಯ್ಯನವರನ್ನು ಕರೆಸಿ, “ಎಲ್ಲಾ ಕಂಪ್ಯೂಟರಲ್ಲೇ ಐತೆ ಅಂತಾರೆ, ಮತ್ತೆ ನೀವ್ಯಾಕ್ರೀ ನಮಗೆ? ಸೋಮವಾರದೊಳಗೆ ಆ ಬಾವಿ ಕೇಸು ತನ್ನಿ. ಆಗ್ಲಿಲ್ವಾ, ಮುಂದಿನ ತಿಂಗಳಿಂದ ಮನೇಲಿರಿ” ಎಂದಿದ್ದರು. ಶಿವಲಿಂಗಯ್ಯನವರ ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು.

ಇಲ್ಲಿ ನಾನು ನಿಮಗೆ ಹೇಳಲು ಹಿಂಜರಿಯುತ್ತಿರುವ ಒಂದು ಮಾತಿದೆ. ಹೇಳದಿದ್ದರೆ ಈ ಪ್ರಬಂಧಕ್ಕೆ ಅರ್ಥವಿಲ್ಲ. ಆ ತೀರ್ಪು ನನಗೆ ಗೊತ್ತಿತ್ತು. ಗುರುವಾರ ಸಂದೇಶ ಓದಿದ ಕ್ಷಣದಲ್ಲೇ ಕಂದು ಬಣ್ಣದ ಬೈಂಡಿನ ಆ ಸಂಪುಟ, ಬಲಗಡೆಯ ಪುಟ, ಕೆಳಗಿನ ಅರ್ಧಭಾಗದಲ್ಲಿ ಬೆಳ್ಳಿಹುಳು ಕೊರೆದ ಎರಡು ತೂತುಗಳು ನನ್ನ ಕಣ್ಣಿಗೆ ಕಟ್ಟಿದ್ದವು. ಆ ಮಾಲೆಗೆಲ್ಲ ವಿಷಯಸೂಚಿಯನ್ನು ತರುಣಿಯಾಗಿದ್ದಾಗ ನಾನೇ ಕೈಯಲ್ಲಿ ಬರೆದಿದ್ದೆ. ಉತ್ತರ ತಲೆಯಲ್ಲಿದ್ದುಕೊಂಡೇ, ಪ್ರಶ್ನೆ ಸರಿಯಾದ ನಮೂನೆಯಲ್ಲಿಲ್ಲವೆಂದು, ಪ್ರಶ್ನೆ ಕೇಳಿದವನನ್ನು ಹೊರಹಾಕಿದ್ದೆ. ಇಂಥ ತಪ್ಪು ಮಾಡಲು ಸಾಮಾನ್ಯರಿಂದ ಆಗದು. ಮೂವತ್ತೊಂದು ವರ್ಷದ ಅನುಭವ ಬೇಕು.

ಹತ್ತು ಗಂಟೆಗೆ ರಾಜಾಜಿನಗರದ ನನ್ನ ಹಳೆಯ ಗ್ರಂಥಾಲಯದಲ್ಲಿದ್ದೆ. ನನ್ನ ಜಾಗಕ್ಕೆ ಬಂದಿರುವ ರಕ್ಷಿತಾ ಚುರುಕು ಹುಡುಗಿ. ಎದ್ದು ನಿಂತು ನಮಸ್ಕರಿಸಿ, ಕಂಪ್ಯೂಟರನ್ನು ನನ್ನ ಕಡೆಗೆ ತಿರುಗಿಸಿದಳು.

“ಹೊರಗಿನವರು ಆನ್‌ಲೈನ್ ಫಾರಂ ತುಂಬಬೇಕು ಮೇಡಂ. ಚುಕ್ಕಿ ಇರೋದೆಲ್ಲ ಕಂಪಲ್ಸರಿ.”

ವರದಿ, ವರ್ಷ, ಸಂಪುಟ, ಪುಟ. ಕಂದು ಬೈಂಡು, ಬೆಳ್ಳಿಹುಳದ ತೂತು ಎಂದು ತುಂಬಲು ಅಲ್ಲಿ ಜಾಗವಿರಲಿಲ್ಲ. ವರ್ಷ ನೆನಪಾಗಲಿಲ್ಲ. ಖಾಲಿ ಬಿಟ್ಟು ಮುಂದೆ ಹೋಗಲು ನೋಡಿದೆ; ಯಂತ್ರ ಕೆಂಪಗಾಗಿ ನನ್ನನ್ನು ಗದರಿತು.

“ಯಾರಮ್ಮ ಮಾಡಿದ್ದು ಈ ಫಾರಂ?” ಎಂದೆ, ಸಿಡುಕಿ.

“ನೀವೇ ಮೇಡಂ,” ಎಂದಳು ರಕ್ಷಿತಾ, ಪೂರಾ ಗೌರವದಿಂದ. “ನಿಮ್ಮ ಹಳೇ ಪೇಪರ್ ಫಾರಂನೇ ಹಾಗ್‌ಹಾಗೇ ಹಾಕಿದೀವಿ. ಒಂದಕ್ಷರಾನೂ ಚೇಂಜ್ ಮಾಡಿಲ್ಲ.”

ನನ್ನ ಮುಖ ನೋಡಿ ಅವಳಿಗೆ ಏನನ್ನಿಸಿತೋ, ಕಂಪ್ಯೂಟರನ್ನು ಮತ್ತೆ ತನ್ನ ಕಡೆಗೆ ತಿರುಗಿಸಿಕೊಂಡು, “ಬಿಡಿ ಮೇಡಂ. ಏನು ಕೇಸು ಅಂತ ಸುಮ್ನೆ ಹೇಳಿ” ಎಂದಳು. ಬಾವಿ ಎಂದೆ. ಕಂಪ್ಯೂಟರುಗಳಿಗೆ ಜಾಗ ಮಾಡಲು ಹಳೆಯ ಸಂಪುಟಗಳನ್ನು ಮೆಟ್ಟಿಲ ಕೆಳಗೆ ಕಟ್ಟಿಟ್ಟಿದ್ದರು. ಇಬ್ಬರೂ ನೆಲದ ಮೇಲೆ ಕೂತು, ಹಗ್ಗ ಬಿಚ್ಚಿ, ಧೂಳಿಗೆ ಸೀನುತ್ತ ಒಂದೂವರೆ ಗಂಟೆ ಹುಡುಕಿದೆವು. ಸಿಕ್ಕಿತು. ಬಲಗಡೆಯ ಪುಟವೇ. ತೂತುಗಳು ಮೂರಾಗಿದ್ದವು. ರಕ್ಷಿತಾ ಒತ್ತಿ ಹಿಡಿದಳು, ನಾನು ಫೋಟೋ ತೆಗೆದು ಶಿವಲಿಂಗಯ್ಯನವರಿಗೆ ಕಳಿಸಿದೆ.

ಆ ಸಂಜೆಯೇ ಅವರನ್ನು ಗುಂಪಿಗೆ ಮರಳಿ ಸೇರಿಸಿದೆ. ಆದರೆ ಕ್ಷಮೆಯನ್ನು ವಾಟ್ಸಾಪಿನಲ್ಲಿ ಕೇಳುವುದು ನನ್ನ ಪೀಳಿಗೆಯವರಿಗೆ ಒಗ್ಗದು. ಮುಂದಿನ ವಾರ ವಿಜಯನಗರದಲ್ಲಿ ಮೆಟ್ರೊ ಹತ್ತಿ ಕೆಂಗೇರಿಗೆ ಹೋದೆ. ಸಂಜೆ ಆರರ ಹೊತ್ತು. ದಿನವಿಡೀ ಎಲ್ಲೆಲ್ಲೋ ದುಡಿದ ವಿದ್ಯಾರ್ಥಿಗಳು ಒಬ್ಬೊಬ್ಬರೇ ಬರುತ್ತಿದ್ದರು. ಶಿವಲಿಂಗಯ್ಯನವರು ಗ್ರಂಥಾಲಯದಲ್ಲಿ ತಮ್ಮ ಮೇಜಿನ ಹಿಂದೆಯೇ ಇದ್ದರು.

“ಕೆಲಸ ಉಳೀತಾ?” ಎಂದು ಕೇಳಿದೆ.

“ಉಳೀತು ಮೇಡಂ, ಆದ್ರೆ ತಮಾಷೆ ಕೇಳಿ. ಆ ತೀರ್ಪು ನಮ್ಮ ಕಾರ್ಯದರ್ಶಿ ಸಾಹೇಬರ ವಿರುದ್ಧವೇ ಇತ್ತು. ಇಬ್ಬರೂ ನೀರು ಸೇದ್ತಿದ್ದ ಬಾವಿನ ಒಬ್ಬ ಮುಚ್ಚೋ ಹಾಗಿಲ್ಲ ಅಂತ. ಓದಿ ಮುಖ ಕೆಂಪಗೆ ಮಾಡ್ಕೊಂಡ್ರು. ‘ಇದು ಅವನ ಲಾಯರ್‌ಗೂ ಸಿಗುತ್ತೇನ್ರೀ?’ ಅಂದ್ರು. ಹುಡುಕೋರು ಹುಡುಕಿದ್ರೆ ಸಿಗುತ್ತೆ ಸಾರ್, ಅಂದೆ. ಆಮೇಲೆ, ‘ನೀವು ಇಲ್ಲೇ ಇರಿ, ಎಲ್ಲೂ ಹೋಗ್ಬೇಡಿ’ ಅಂದ್ಬಿಟ್ರು.”

ಗ್ರಂಥಪಾಲಕರ ಅಗತ್ಯವನ್ನು ಇಷ್ಟು ನಿಖರವಾಗಿ ಮನಗಂಡ ಆಡಳಿತಗಾರರನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಸಂಘದ ಉಪನ್ಯಾಸಗಳೆಲ್ಲ ಸೇರಿ ಮಾಡಲಾಗದ್ದನ್ನು ಎದುರು ಕಕ್ಷಿಯ ಭಯ ಮಾಡಿತ್ತು. ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ನನಗೆ ಬೇರೆ ದಾರಿಯಿರಲಿಲ್ಲ.

“ಶಿವಲಿಂಗಯ್ಯನವರೇ, ನಿಮ್ಮ ಮೆಸೇಜು ಓದಿದಾಗಲೇ ನನಗೆ ಆ ಕೇಸು ಗೊತ್ತಿತ್ತು.”

ಅವರು ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸುತ್ತ, “ಗೊತ್ತಿರುತ್ತೆ ಅಂತ ನನಗೂ ಗೊತ್ತಿತ್ತು ಮೇಡಂ. ನಿಮ್ಮ ಕಣ್ಣಿಗೆ ಬೀಳ್ಲಿ ಅಂತಾನೇ ಹಾಕಿದ್ದು” ಎಂದರು.

“ಮತ್ತೆ ಫೋನ್ ಮಾಡ್ಬಾರ್ದಿತ್ತಾ?”

“ಮಾಡ್ಕೂಡ್ದು ಅಂತ ರೂಲ್ ಇತ್ತಲ್ಲ ಮೇಡಂ.”

ಅದರಲ್ಲಿ ವ್ಯಂಗ್ಯವಿತ್ತೇ ಎಂದು ಅವರ ಮುಖ ನೋಡಿದೆ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಅಷ್ಟರಲ್ಲಿ ಒಬ್ಬಳು ಹೆಂಗಸು ಮೇಜಿನ ಮುಂದೆ ಬಂದು ನಿಂತಳು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ ಘಟಕದಲ್ಲಿ ಹಗಲೆಲ್ಲ ಹೊಲಿದು ಸಂಜೆ ಇಲ್ಲಿಗೆ ಓದಲು ಬರುವವಳೆಂದು ಶಿವಲಿಂಗಯ್ಯನವರು ಪರಿಚಯಿಸಿದರು. ಊಟದ ಡಬ್ಬಿಯ ಚೀಲವನ್ನು ಮೇಜಿನ ಮೇಲಿಟ್ಟು, ಉಸಿರು ತೆಗೆದುಕೊಳ್ಳದೆ ಹೇಳಿದಳು: “ಸಾರ್, ಹೆರಿಗೆಗೆ ಅಂತ ಹೋದೋಳ್ನ ವಾಪಸ್ ಕೆಲಸಕ್ಕೆ ತಗೊಳ್ಳಲ್ಲ ಅಂದ್ರಂತಲ್ಲ, ಅಂಥದೊಂದು ಕೇಸು ಐತಂತೆ. ನಮ್ಮ ಹೊಲಿಗೆ ಲೈನಲ್ಲಿ ಒಬ್ಬಳಿಗೆ ಬೇಕಾಗಿತ್ತು. ಹೆಸರು ಗಿಸರು ಏನೂ ಗೊತ್ತಿಲ್ಲ ಸಾರ್.”

ಶಿವಲಿಂಗಯ್ಯನವರು ನನ್ನ ಕಡೆ ನೋಡಿದರು. ಏಳು ಪ್ರಶ್ನೆಗಳು ನನ್ನ ನಾಲಿಗೆಯ ತುದಿಗೆ ಬಂದು, ಅಭ್ಯಾಸಬಲದಿಂದ, ಕ್ರಮವಾಗಿ ಸಾಲುಗಟ್ಟಿದವು. ನಾನು ಪಕ್ಕದ ಕುರ್ಚಿಯನ್ನು ಅವಳ ಕಡೆಗೆ ಎಳೆದೆ.

“ಕೂತ್ಕೊಳಮ್ಮ. ಮೊದಲು ಆ ಚೀಲ ಕೆಳಗಿಡು, ಮೇಜು ಇರೋದು ಪುಸ್ತಕಕ್ಕೆ.”

ಅವಳು ಗಾಬರಿಯಾಗಿ ಚೀಲ ಕೆಳಗಿಟ್ಟಳು.

“ಈಗ ಹೇಳು,” ಎಂದೆ. “ಅವಳಿಗೆ ಏನಾಯ್ತು?”