ಕಾಯಿ ನೀರು ಕುಡಿದ ಅಚ್ಚುಗಳು

ನನ್ನ ಮೊಮ್ಮಗಳು ಬಳ್ಳಾರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಬಿಸಿ ಪ್ರೆಸ್ ನಡೆಸುತ್ತಿದ್ದಳು. ಹೇಳುವಾಗ ಈಗಲೂ ನನ್ನ ಎದೆ ಉಬ್ಬುತ್ತದೆ. ನಾನು ಮೂರನೇ ಕ್ಲಾಸಿಗೇ ಸಾಲಿ ಬಿಟ್ಟವನು. ಅಲ್ಲೇ ಅಚ್ಚು ತುಂಬುವ ಕೆಲಸ ನನ್ನದು. ವಜ್ರದ ಪುಡಿಯನ್ನು ಕೋಬಾಲ್ಟ್ ಪುಡಿಯಲ್ಲಿ ಬೆರೆಸಿ ಗ್ರಾಫೈಟ್ ಅಚ್ಚಿಗೆ ಹಾಕಿಕೊಟ್ಟರೆ, ಅವಳು ಕೆಂಪಗೆ ಕಾಯಿಸಿ ಒತ್ತುವಳು. ಪುಡಿ ಕರಗುವುದಿಲ್ಲ, ಒಂದನ್ನೊಂದು ಹಿಡಿದುಕೊಂಡು ಕಲ್ಲಿಗಿಂತ ಗಟ್ಟಿಯಾಗುತ್ತದೆ. ಬಂಡೆ ಕೊರೆಯುವ ಡ್ರಿಲ್ಲಿನ ಮೂತಿಗೆ ಆ ತುಂಡುಗಳೇ ಹಲ್ಲು. ಅದಿರಿನ ಲಾರಿಗಳು ಊರನ್ನೆಲ್ಲ ಕೆಂಪು ಮಾಡಿದ ಕಾಲವದು. ಎಷ್ಟು ಹಲ್ಲು ಮಾಡಿದರೂ ಗಣಿಯವರಿಗೆ ಸಾಲದು.

ಆ ವರ್ಷದ ಆಯುಧ ಪೂಜೆಯಲ್ಲೂ ಅದೇ ಅವಸರ. ತುಂಬಿದ ಅಚ್ಚುಗಳು ಪ್ರೆಸ್ಸಿನಲ್ಲಿ ಕೂತಾಗಲೇ ಮಾಲೀಕ ಕುಂಕುಮ ಹಚ್ಚಿ, ಅದರ ಮೂಲೆಗೇ ಕಾಯಿ ಒಡೆದ. ನೀರೆಲ್ಲ ಅಚ್ಚುಗಳ ಮೇಲೆ ಸುರಿಯಿತು.

"ಪುಡಿ ತೋಯ್ದೈತ್ರಿ, ತೆಗೆದು ಬ್ಯಾರೆ ತುಂಬೋಣ," ಎಂದಳು ಮೊಮ್ಮಗಳು.

"ತೀರ್ಥ ಚೆಲ್ತೀ ಏನವ್ವಾ? ಹಚ್ಚು ಪ್ರೆಸ್!" ಮಾಲೀಕ ಗದರಿದ.

ಹಚ್ಚಿದಳು. ಒಳಗಿನ ನೀರು ಆವಿಯಾಗಿ ಹಲ್ಲುಗಳು ಸ್ಪಂಜಿನಂತೆ ತೂತು ಬಿದ್ದವು. ಕಲ್ಲಿಗೆ ತಾಗಿಸಿದರೆ ಉದುರಿದವು. ಮಾಲೀಕ ಅವಳತ್ತ ತಿರುಗಿದ. "ಹೆಣ್ಣಿನ ಕೈ ತಾಗಿ ಹಿಂಗಾತು. ನಾಳಿಂದ ಪ್ಯಾಕಿಂಗಿಗೆ ಹೋಗು."

ನನ್ನ ಮೈ ಉರಿದುಹೋಯಿತು. "ತುಂಬಿದವ ನಾನು, ಕಾಯಿ ಒಡೆದವ್ರು ನೀವು, ಬೈಸಿಕೊಳ್ಳಾಕ ಇಕೀ ಏನ್ರಿ?"

"ಏ ಅಜ್ಜಾ, ದೇವರ ಮ್ಯಾಲೆ ತಪ್ಪು ಹೊರಸ್ತೀ?"

"ತೋಯ್ದದ್ದನ್ನ ಕಾಯಿಸು ಅಂತ ದೇವರು ಹೇಳಿದ್ನೇನ್ರಿ?"

ಮೊಮ್ಮಗಳು ನನ್ನ ಅಂಗಿ ಜಗ್ಗಿದಳು. "ಸುಮ್ನಿರು ತಾತ. ಬೈದ್ರ ಹಲ್ಲು ಗಟ್ಟಿ ಆಗಂಗಿಲ್ಲ." ಮಾಲೀಕನಿಗೆ, "ನಾಳೆ ಒಣ ಪುಡಿ ಒತ್ತಾಕ ಬಿಡ್ರಿ. ಅದೂ ಕೆಟ್ರ ಪ್ಯಾಕಿಂಗಿಗೆ ಹೋಗ್ತೀನಿ," ಎಂದಳು. ಗಣಿಯವರು ಬಾಗಿಲಲ್ಲಿ ಕಾಯುತ್ತಿದ್ದರು. ಅವನು ಒಪ್ಪದೆ ಏನು ಮಾಡಿಯಾನು?

ಮರುದಿನ ಅದೇ ಬೆರಕೆಯ ಒಣ ಪುಡಿ, ಅದೇ ಶಾಖ, ಅದೇ ಹೆಣ್ಣಿನ ಕೈ. ಅಚ್ಚು ತಣಿಯುವವರೆಗೆ ಅವಳು ಯಾರಿಗೂ ಬಿಚ್ಚಗೊಡಲಿಲ್ಲ. ಕುರುಗೋಡಿನಿಂದ ತಂದ ಗ್ರಾನೈಟ್ ತುಂಡನ್ನು ಕೊರೆದು ನೋಡಿದರು. ಒಂದು ಹಲ್ಲೂ ಅಲುಗಲಿಲ್ಲ. ನಾನು ಕುಣಿಯುವುದೊಂದು ಬಾಕಿ!

ಮಾಲೀಕ ದೇವರ ಫೋಟೋಕ್ಕೆ ಕೈಮುಗಿದ. "ನಿನ್ನಿ ಪೂಜಿ ಫಲ ಇವತ್ತು ಬಂತು ನೋಡ್ರಿ."

ಕೆಟ್ಟರೆ ಹುಡುಗಿಯಿಂದ, ಗೆದ್ದರೆ ಪೂಜೆಯಿಂದ! ಇದ್ಯಾವ ನ್ಯಾಯ? ಎಲ್ಲರೆದುರು ಕೇಳಿಯೇ ಬಿಟ್ಟೆ. ಮಾಲೀಕ ಹಲ್ಲುಗಳನ್ನು ಎಣಿಸಿ ಗಣಿಯವರ ಕೈಗೆ ಕೊಡತೊಡಗಿದ. ಪ್ಯಾಕಿಂಗಿನ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಪ್ರೆಸ್ಸಿನ ಹತ್ತಿರದಿಂದ ನನ್ನ ಕೂಸು ಕೂಗಿದಳು: "ಬೈಯೋದು ಮುಗಿದಿದ್ರ ಬಾ ತಾತ, ಅಚ್ಚು ಖಾಲಿ ಅದಾವು."