ಅಕ್ಕನ ಡೇರೆಯಲ್ಲಿ ‘ಅವರು’

ಕಡಲ ತೀರದ ಉದ್ಯಾನದಲ್ಲಿ ಡೇರೆ ಹಾಕಲು ಅಕ್ಕ ಹಿಡಿದಿಟ್ಟಿದ್ದ ಜಾಗವನ್ನು ರದ್ದು ಮಾಡಿಸಿದವನು ನಾನು. ಅದು ಅಲ್ಲಿಯವರ ತಪ್ಪಲ್ಲ, ಫೋನಿನ ತಪ್ಪಲ್ಲ. ಅಕ್ಕ ಇಂದಿಗೂ ಅಂದುಕೊಂಡಿರುವಂತೆ ಅವಳ ತಪ್ಪಂತೂ ಅಲ್ಲವೇ ಅಲ್ಲ. ಅವಳ ಒಬ್ಬನೇ ತಮ್ಮನಾದ ನಾನು — ಬೆಳಿಗ್ಗೆ ಕಾಫಿ ಕುಡಿದು, ಅಂಗಡಿ ಬಾಗಿಲು ತೆಗೆಯುವ ಮುಂಚೆ — ಸಮಾಧಾನವಾಗಿಯೇ ಮಾಡಿದ ಕೆಲಸ ಅದು.

ಕಡೂರಿನಲ್ಲಿ ನನ್ನದು ತೆಂಗಿನಕಾಯಿ ವ್ಯಾಪಾರ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ನೀರಿನ ಸದ್ದು ಕೇಳಿದ ಮೇಲೇ ನಂಬುವವನು. ಮನುಷ್ಯರ ವಿಷಯದಲ್ಲೂ ಅದೇ ಚಾಳಿ. ಯಾರಾದರೂ ನನ್ನನ್ನು ನೋಡಿ ಸ್ವಲ್ಪ ಹೆಚ್ಚಾಗಿ ನಕ್ಕರೆ ಏನೋ ಮಸಲತ್ತು ಇದೆ ಅನ್ನಿಸುತ್ತದೆ. ನಗದಿದ್ದರೆ ಇನ್ನೂ ಅನ್ನಿಸುತ್ತದೆ. ನನ್ನ ಹೆಂಡತಿ ಇದನ್ನು ‘ನಿಮ್ಮ ಪತ್ತೇದಾರಿಕೆ’ ಎಂದು ಆಡಿಕೊಳ್ಳುತ್ತಾಳೆ. ನಾನದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಅಕ್ಕ, ಅಂದರೆ ಜಯಕ್ಕ, ತರೀಕೆರೆಯಲ್ಲಿ ಪಿ.ಟಿ. ಟೀಚರ್ ಆಗಿದ್ದು ನಿವೃತ್ತಳಾದವಳು. ಅಜ್ಜಂಪುರದ ಮನೆಯಲ್ಲಿ ನಮ್ಮನ್ನು ಬಿಟ್ಟು ಅಪ್ಪ ಲಕ್ಕವಳ್ಳಿ ಸೇರಿದ ಮೇಲೆ, ಆಮೇಲೆ ಅಮ್ಮನೂ ತೀರಿಕೊಂಡ ಮೇಲೆ, ನನ್ನನ್ನು ಬೆಳೆಸಿದವಳು ಅವಳೇ. ಮದುವೆಯಾಗಲಿಲ್ಲ. ನನಗಾಗಿಯೇ ಆಗಲಿಲ್ಲ ಎಂದು ಜನ ಹೇಳುತ್ತಾರೆ. ನಾನು ಅದನ್ನೂ ನನ್ನ ಹಕ್ಕೆಂಬಂತೆ ಕೇಳಿಸಿಕೊಳ್ಳುತ್ತಿದ್ದೆ.

ಎರಡು ವರ್ಷದ ಹಿಂದಿನ ಮಾತು, ಚಳಿ ಕಳೆಯುವ ದಿನಗಳು. ಅಕ್ಕ ನಮ್ಮ ಮನೆಗೆ ಬಂದಿದ್ದಳು. ಅವಳ ಫೋನಿನಲ್ಲಿ ಚಾರ್ಜ್ ಇರಲಿಲ್ಲವೆಂದು ನನ್ನದನ್ನು ತೆಗೆದುಕೊಂಡು ಹಿತ್ತಿಲಿಗೆ ಹೋದಳು. ಹಿತ್ತಿಲಿಗೇಕೆ — ನಡುಮನೆಯಲ್ಲಿ ಮಾತಾಡಬಾರದೇ? ಬಚ್ಚಲಿಗೆ ಹೋಗುವವನಂತೆ ಹೋಗಿ ಬಾಗಿಲ ಸಂದಿಯಲ್ಲಿ ನಿಂತೆ.

“ಟೆಂಟ್ ನಂದೇ ಇದೆ ಕಣ್ರೀ, ಜಾಗ ಕೊಟ್ರೆ ಸಾಕು. ಇಬ್ರೇ ಬರೋದು. ಗಾಳಿಮರದ ನೆರಳಲ್ಲಿ ಕೊಡಿ... ಬಾತ್‌ರೂಮ್ ಹತ್ರ ಇರ್ಬೇಕು, ಅವರಿಗೆ ಮಂಡಿ ನೋವು. ಪಾಪ, ಅವರು ಇದುವರ್ಗೂ ಸಮುದ್ರಾನೇ ನೋಡಿಲ್ಲ.”

ಅವರು.

ನಮ್ಮ ಕಡೆ ಹೆಂಗಸೊಬ್ಬಳು ಹೆಸರೆತ್ತದೆ ಬರೀ ‘ಅವರು’ ಎಂದರೆ ಅದು ಯಾರೆಂದು ಮತ್ತೆ ಕೇಳುವ ಪದ್ಧತಿಯಿಲ್ಲ. ನನ್ನ ಹೆಂಡತಿಗೆ ನಾನು ‘ಅವರು’. ಹಾಗಾದರೆ ಅಕ್ಕನಿಗೆ — ಈ ವಯಸ್ಸಿನಲ್ಲಿ —

ಆ ವಾರವೇ ತರೀಕೆರೆಗೆ ಹೋದೆ, ಕಾಯಿ ಕೊಡುವ ನೆಪದಲ್ಲಿ. ಅಂಗಳದಲ್ಲಿ ನೀಲಿ ಡೇರೆ ಎದ್ದು ನಿಂತಿತ್ತು. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲವಂತೆ, ಚೀಲಕ್ಕೆ ಮರಳು ತುಂಬಿ ಹಗ್ಗಕ್ಕೆ ಕಟ್ಟಬೇಕಂತೆ — ಅಕ್ಕ ಅದನ್ನೇ ಅಭ್ಯಾಸ ಮಾಡುತ್ತಿದ್ದಳು. ನನ್ನ ಕಣ್ಣು ಹೋದದ್ದು ಜಗಲಿಯ ಮೇಲೆ. ಎರಡು ತಟ್ಟೆ, ಎರಡು ಟಾರ್ಚು, ಒಂದು ಕಂದು ಬಣ್ಣದ ಮಂಕಿ ಟೋಪಿ. ಅಕ್ಕ ಎಂಥ ಚಳಿಯಲ್ಲೂ ತಲೆಗೆ ಬಟ್ಟೆ ಕಟ್ಟಿದವಳಲ್ಲ. ಮಂಕಿ ಟೋಪಿ ಕಂಡೊಡನೆ ನನ್ನ ಪತ್ತೇದಾರಿಕೆ ಮುಗಿದೇಹೋಯಿತು.

“ಜೊತೇಲಿ ಯಾರಕ್ಕಾ ಬರ್ತಿರೋದು?”

ಅವಳು ಹಗ್ಗ ಎಳೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. “ಅವರು ಕಣೋ. ನಿಂಗೆ ಹೇಳ್ಬೇಕು ಅಂತ್ಲೇ ಇದ್ದೆ. ನಿಂಗೆ ಬೇಜಾರಿಲ್ಲ ಅಂದ್ರೆ ನೀನೂ ಬಾ.”

“ನಂಗೆ ಅಂಗಡಿ ಇದೆ” ಎಂದು ಹೊರಟುಬಂದೆ. ಯಾವ ಅವರು ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಆಗಲೇ ಗೊತ್ತಿದೆ ಎಂದುಕೊಂಡವನು ಕೇಳುವುದೇನು?

ಸಂತೆಯಲ್ಲಿ ಜನ ಆಡಿಕೊಂಡಾರೆಂಬ ಭಯ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸುಳ್ಳು. ನಿಜ ಹೇಳುವುದಾದರೆ ಹೊಟ್ಟೆಕಿಚ್ಚು. ಅಕ್ಕನಿಗೆ ನನಗಿಂತ ಹತ್ತಿರದವರು ಒಬ್ಬರಿದ್ದಾರೆ, ಅವರ ಮಂಡಿ ನೋವು ಅವಳಿಗೆ ಗೊತ್ತಿದೆ, ಅವರಿಗೆ ಟೋಪಿ ಕೊಳ್ಳುತ್ತಾಳೆ — ಇದನ್ನು ನನ್ನಿಂದ ಸಹಿಸಲಾಗಲಿಲ್ಲ.

ಅಕ್ಕ ಮಾತಾಡಿದ ನಂಬರು ನನ್ನ ಫೋನಿನಲ್ಲೇ ಉಳಿದಿತ್ತು. ಮಾರನೆಯ ಬೆಳಿಗ್ಗೆ ಅದಕ್ಕೇ ಫೋನ್ ಮಾಡಿದೆ. “ಜಯಮ್ಮ ಅಂತ ಜಾಗ ಹೇಳಿದ್ರಲ್ಲ, ಅವರ ಮನೆಯವರು ಮಾತಾಡ್ತಿರೋದು. ಅವರು ಬರ್ತಿಲ್ಲ. ಹೆಸರು ತೆಗೆದ್ಬಿಡಿ.”

“ಆಯ್ತು ಮಾರಾಯ್ರೇ” ಎಂದ ಆ ಕಡೆಯವನು. “ಕಾಯ್ತಾ ಇರುವವರು ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಕೊಡ್ತೇನೆ.”

‘ಮನೆಯವರು’ ಎಂದರೆ ಗಂಡ ಎಂದು ತಿಳಿದನೇನೋ. ನಾನು ತಿದ್ದಲಿಲ್ಲ. ನಿಜವಾದ ಮಾತಿನಲ್ಲೇ ಸುಳ್ಳು ಹೇಳಿದೆನಲ್ಲ ಎಂದು ಒಳಗೊಳಗೇ ಬೀಗಿದೆ ಕೂಡ.

ಹೊರಡುವ ಹಿಂದಿನ ದಿನ ಅಕ್ಕನ ಫೋನು ಬಂತು. ಅವಳು ಅಳುವುದನ್ನು ಅಮ್ಮ ಸತ್ತಾಗ ಕೇಳಿದ್ದೆ, ಆಮೇಲೆ ಅವತ್ತೇ. “ನಮ್ಮ ಹೆಸರೇ ಇಲ್ವಂತೆ ಕಣೋ. ಅವತ್ತು ಮಾತಾಡಿದೋನು ರಜವಂತೆ, ಇನ್ಯಾರೋ ಎತ್ತಿದ್ರು. ಮಳೆಗಾಲದ ತಂಕ ಖಾಲಿ ಇಲ್ವಂತೆ, ಮಳೇಲಿ ಮುಚ್ತಾರಂತೆ. ನಾನೇ ಏನೋ ಎಡವಟ್ಟು ಮಾಡಿದೀನಿ. ಲಕ್ಕವಳ್ಳಿ ಚಿಕ್ಕಮ್ಮ ಆಗ್ಲೇ ಬ್ಯಾಗ್ ಹಿಡ್ಕೊಂಡು ಬಂದು ಕೂತವ್ರೆ. ಏನಂತ ಹೇಳ್ಲೋ?”

ಲಕ್ಕವಳ್ಳಿ ಚಿಕ್ಕಮ್ಮ. ಅಪ್ಪನ ಎರಡನೆಯ ಹೆಂಡತಿ.

ಅಮ್ಮ ಇದ್ದಾಗ ನಮ್ಮ ಮನೆಯಲ್ಲಿ ಆಕೆಯ ಹೆಸರು ಹೇಳುವಂತಿರಲಿಲ್ಲ. ಅಪ್ಪ ಎಲ್ಲಿ ಎಂದು ಯಾರಾದರೂ ಕೇಳಿದರೆ ‘ಅವರ ಮನೇಲಿ’ ಎನ್ನಬೇಕಿತ್ತು. ಆ ಮನೆಯಲ್ಲಿ ‘ಅವರು’ ಎಂದರೆ ಒಬ್ಬರೇ. ಅಕ್ಕ ಅಂಗಳದಲ್ಲಿ ನಿಂತು ನನ್ನ ಮುಖ ನೋಡಿ ಹೇಳಿದ್ದು ನಮ್ಮಿಬ್ಬರದೇ ಆದ ಆ ಹಳೆಯ ಮಾತನ್ನು. ಅಂಗಡಿ ಇದೆ ಎಂದಷ್ಟೇ ಹೇಳಿ ಬಂದದ್ದಕ್ಕೆ, ನಾನು ಒಪ್ಪಿಕೊಂಡೆ, ಸಿಟ್ಟು ಬಿಟ್ಟೆ ಎಂದು ಅವಳು ತಿಳಿದಳು. ಅಪ್ಪ ತೀರಿಕೊಂಡ ಮೇಲೆ ಅಕ್ಕ ಲಕ್ಕವಳ್ಳಿಗೆ ಹೋಗಿಬರುತ್ತಿದ್ದಳೆಂಬುದೂ ನನಗೆ ಗೊತ್ತಿರಲಿಲ್ಲ — ಇಷ್ಟೆಲ್ಲ ಕಿವಿಗೊಟ್ಟು ಕೇಳುವ ನನಗೆ!

ಆಗಲಾದರೂ ಹೇಳಬಹುದಿತ್ತು. “ಹೋಗ್ಲಿ ಬಿಡಕ್ಕಾ, ಇನ್ನೊಂದ್ಸಲ ಹೋದ್ರಾಯ್ತು” ಎಂದೆ.

ಆ ಮಳೆಗಾಲದಲ್ಲೇ ಚಿಕ್ಕಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು, ಮಾತು ತೊದಲಿತು. ಅಕ್ಕ ಆಕೆಯನ್ನು ತರೀಕೆರೆಗೆ ತಂದಿಟ್ಟುಕೊಂಡಿದ್ದಾಳೆ. ಅದೇ ಕಂದು ಟೋಪಿ ಹಾಕಿಕೊಂಡು ಜಗಲಿಯಲ್ಲಿ ಕೂತಿರುತ್ತಾರೆ. ಮತ್ತೆ ಅಕ್ಕ — ಮಕ್ಕಳ ದಂಡನ್ನೇ ಕಟ್ಟಿಕೊಂಡು ಕೆಮ್ಮಣ್ಣುಗುಂಡಿ ಹತ್ತಿಸುತ್ತಿದ್ದವಳು — ಈಗ ಗ್ಯಾಸ್ ಸಿಲಿಂಡರ್ ಹೇಳುವುದಕ್ಕೂ ಫೋನನ್ನು ನನ್ನ ಕೈಗೆ ಕೊಡುತ್ತಾಳೆ. ತನ್ನ ಕೈಗುಣವೇ ಸರಿಯಿಲ್ಲವಂತೆ.

ಮೊನ್ನೆ ಹೋದಾಗ ಹೇಳಿದಳು: “ಗಾಲಿಕುರ್ಚಿ ಮರಳಲ್ಲಿ ಹೋಗಲ್ಲ. ಇಬ್ರೂ ಸೇರಿ ಎತ್ಕೊಂಡಾದ್ರೂ ಹೋಗಾಣ. ಜಾಗಕ್ಕೆ ನೀನೇ ಮಾತಾಡ್ಬಿಡು ಕಣೋ, ನಾನು ಮಾಡಿದ್ರೆ ಕೆಡುತ್ತೆ.”

ಅವಳೆದುರಿಗೇ ಫೋನ್ ಮಾಡಿದೆ. ಜಾಗ ಇತ್ತು. “ಮೂರೂ ಜನರ ಹೆಸರು ಹೇಳಿ” ಎಂದರು. ನನ್ನದು ಹೇಳಿದೆ, ಅಕ್ಕನದು ಹೇಳಿದೆ. ಮೂರನೆಯದು — ಗೊತ್ತಿರಲಿಲ್ಲ. ಅಪ್ಪನ ಜೊತೆ ಒಂದು ಆಯುಷ್ಯ ಕಳೆದ ಹೆಂಗಸಿನ ಹೆಸರು ನನಗೆ ಗೊತ್ತಿರಲಿಲ್ಲ. ಅಕ್ಕನನ್ನು ಕೇಳಲು ನಾಚಿಕೆಯಾಯಿತು. ಫೋನ್ ಹಿಡಿದುಕೊಂಡೇ ಜಗಲಿಗೆ ಹೋಗಿ ಆಕೆಯ ಮುಂದೆ ಕೂತೆ.

“ನಿಮ್ಮ ಹೆಸರೇನು?”

ನಾನು ಆಕೆಯನ್ನು ಕೇಳಿದ ಮೊದಲ ಮಾತು ಅದು. ಸೊಟ್ಟಗಾದ ಬಾಯಿಂದ ಏನೋ ಹೇಳಿದರು, ತಿಳಿಯಲಿಲ್ಲ. ಕಿವಿಯನ್ನು ಹತ್ತಿರ ತಂದೆ.

“ನಂಜಮ್ಮ ಕಣಪ್ಪಾ” ಎಂದರು. ಆಮೇಲೆ ನನ್ನ ತೋಳು ಹಿಡಿದುಕೊಂಡು, “ಈ ಸಲನಾರ ಕೊಟ್ಟಾರಾ?”

“ಕೊಡ್ತಾರೆ ಚಿಕ್ಕಮ್ಮ” ಎಂದೆ.

ಮೂರು ಹೆಸರೂ ಕೊಟ್ಟಿದ್ದೇನೆ. ಅಕ್ಕ ಡೇರೆಯನ್ನು ಮತ್ತೆ ಬಿಸಿಲಿಗೆ ಹಾಕಿದ್ದಾಳೆ. ಅವತ್ತು ಹೆಸರು ತೆಗೆಸಿದವನು ನಾನೆಂದು ಅವಳಿಗೆ ಇನ್ನೂ ಹೇಳಿಲ್ಲ. ಹೊರಡುವ ಮುಂಚೆ ಹೇಳುತ್ತೇನೆ, ಕಡಲು ತೋರಿಸಿದ ಮೇಲಲ್ಲ. ಕೇಳಿದ ಮೇಲೆ ಅವಳು ‘ನಿನ್ನ ಹೆಸರು ತೆಗೆಸು’ ಎಂದರೆ, ಆ ಫೋನನ್ನೂ ನಾನೇ ಮಾಡುತ್ತೇನೆ.