ಪಾರ್ಕಿನ ಕೆಲಸಕ್ಕಾಗಿ ಈಜು ಕಲಿತದ್ದು

ನಾನು ಚಾಮರಾಜನಗರದ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದಾಗ ಒಂದು ದಿನ ನೋಟಿಸ್ ಬೋರ್ಡಿನಲ್ಲಿ ಬಣ್ಣದ ಕಾಗದವೊಂದು ಕಾಣಿಸಿಕೊಂಡಿತು. ಮಿಕ್ಕ ನೋಟಿಸುಗಳೆಲ್ಲ ಬಿಳಿ ಹಾಳೆಯಲ್ಲಿ ಟೈಪಾಗಿದ್ದವು. ಇದರಲ್ಲಿ ಮಾತ್ರ ಎತ್ತರದ ಜಾರುಬಂಡೆಯಿಂದ ನೀರಿಗೆ ಬೀಳುತ್ತಿದ್ದ ಮಕ್ಕಳ ಚಿತ್ರವಿತ್ತು. ಮೈಸೂರಿನ ಆಚೆ ಹೊಸದಾಗಿ ತೆರೆದಿದ್ದ ಆಟದ ಪಾರ್ಕಿನವರು ಬೇಸಿಗೆ ರಜೆಯ ಕೆಲಸಕ್ಕೆ ಕಾಲೇಜು ಹುಡುಗ ಹುಡುಗಿಯರನ್ನು ಕರೆದಿದ್ದರು. ಉಳಿದುಕೊಳ್ಳಲು ಜಾಗ, ಊಟ, ಸಂಬಳ, ಕೊನೆಗೊಂದು ಸರ್ಟಿಫಿಕೇಟು.

ನಾನೂ ನನ್ನ ಗೆಳತಿಯೂ ಆ ಚಿತ್ರವನ್ನು ನೋಡುತ್ತ ಒಂದು ಕ್ಲಾಸು ತಪ್ಪಿಸಿಕೊಂಡೆವು. ಅವಳು ಪೇಟೆಯವಳು, ಲೆಕ್ಕದಲ್ಲಿ ಚುರುಕು. ಟಿಕೆಟ್ ಕೌಂಟರಿನ ಕೆಲಸಕ್ಕೆ ಅರ್ಜಿ ಹಾಕುತ್ತೇನೆಂದು ಅಲ್ಲೇ ನಿಶ್ಚಯ ಮಾಡಿಬಿಟ್ಟಳು. ನಾನು ಹರದನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಲೆಕ್ಕವೆಂದರೆ ನನಗೆ ಜ್ವರ ಬರುತ್ತಿತ್ತು. ಅರ್ಜಿ ಕೊಡುತ್ತಿದ್ದ ಪಿ.ಟಿ. ಮೇಷ್ಟ್ರ ಹತ್ತಿರ ಹೋಗಿ ನನಗೆ ಯಾವ ಕೆಲಸ ಆಗಬಹುದು ಸಾರ್ ಎಂದು ಕೇಳಿದೆ.

"ನೀರಿನ ಕೊಳದ ಹತ್ತಿರ ಹೆಣ್ಣುಮಕ್ಕಳು ಬೇಕಂತೆ ಕಣಮ್ಮ," ಎಂದರು. "ಹೆಂಗಸರು, ಸಣ್ಣಮಕ್ಕಳು ಇಳಿಯೋ ಕಡೆ ಗಂಡು ಹುಡುಗರನ್ನ ನಿಲ್ಲಿಸೋಕಾಗುತ್ತಾ? ಆದರೆ ಈಜು ಬರಬೇಕು. ಬರುತ್ತಾ?"

ಬರುತ್ತಿರಲಿಲ್ಲ. ನಮ್ಮೂರ ಕೆರೆಯಲ್ಲಿ ಗಂಡು ಹುಡುಗರು ಎಮ್ಮೆಗಳ ಜೊತೆ ಈಜುತ್ತಿದ್ದರು. ನಾವು ದಡದಲ್ಲಿ ಬಟ್ಟೆ ಒಗೆಯುತ್ತಿದ್ದೆವು. ಅರ್ಜಿಯಲ್ಲಿ ಅದಕ್ಕೊಂದು ಸಾಲೇ ಇತ್ತು: ಈಜು ಬರುತ್ತದೆಯೇ? ನಾನು ಪೆನ್ನು ಹಿಡಿದುಕೊಂಡು ಕೂತೇ ಇದ್ದುದನ್ನು ನೋಡಿ ಮೇಷ್ಟ್ರು, "ಸುಳ್ಳು ಬರೀಬೇಡ. ಸಂದರ್ಶನಕ್ಕೆ ಇನ್ನೂ ಟೈಮಿದೆ. ಕಲಿಯುತ್ತಿದ್ದೇನೆ ಅಂತ ಬರಿ. ಬರೆದ ಮೇಲೆ ಕಲಿ," ಎಂದರು. ಹಾಗೇ ಬರೆದೆ. ಬರೆದು ಕೊಟ್ಟು ಬಸ್ಸು ಹತ್ತಿದೆ.

ಅಪ್ಪ ಅರಿಶಿನ ಬೇಯಿಸುವ ಕೆಲಸ ಮುಗಿಸಿ ಜಗಲಿಯಲ್ಲಿ ಕೂತಿದ್ದರು. ವಿಷಯ ಕೇಳಿ ಅವರಿಗೆ ನಗು ಬಂತು.

"ನೀರ್ನಲ್ಲಿ ಆಟ ಆಡ್ಸೋದೂ ಒಂದು ಕೆಲ್ಸವಾ?"

ಒಳಗಿಂದ ಅವ್ವ ಅಂದಳು: "ಮಕ್ಕಳ ಕಾಯೋದು ಕೆಲ್ಸ ಅಲ್ವಾ? ಇಷ್ಟು ವರ್ಸ ನಾ ಮಾಡಿದ್ದೇನು ಮತ್ತೆ?"

ಅಪ್ಪ, "ಈಜು ಕಲ್ತ್ಕೊ, ಅದು ಒಳ್ಳೇದೆಯ. ಕೆಲ್ಸದ ಮಾತು ಆಮ್ಯಾಕೆ ನೋಡನ. ಆದ್ರೆ ಕಲಿಸೋರು ಯಾರು?" ಎಂದರು.

ಅವ್ವ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಹಂಗಳದಲ್ಲಿ ನಿನ್ ಚಿಕ್ಕವ್ವ ಇಲ್ವಾ? ಅವಳು ಮೀನು ಕಣಮ್ಮಿ. ಸಣ್ಣೋಳಾಗಿದ್ದಾಗ ಬಾವಿ ಬಿಟ್ಟು ಮ್ಯಾಕೆ ಬತ್ತಿರ್ನಿಲ್ಲ. ನಮ್ಮವ್ವ ಕೋಲು ತಕ್ಕೊಂಡು ಓಗಿ ಕರ್ಕೊಂಡು ಬರೋಳು."

ಗುಂಡ್ಲುಪೇಟೆ ಆಚೆಯ ಹಂಗಳಕ್ಕೆ ಮದುವೆಯಾಗಿ ಹೋಗಿದ್ದ ಚಿಕ್ಕವ್ವ ಎಂದರೆ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಸೆರಗು ಹೊದ್ದು, ಅತ್ತೆಯ ಮುಂದೆ ತಗ್ಗಿದ ದನಿಯಲ್ಲಿ ಮಾತಾಡುವ ಹೆಂಗಸು. ಅವಳು ಈಜುತ್ತಿದ್ದಳು ಎಂದರೆ ನಂಬುವುದು ಹೇಗೆ?

ಪರೀಕ್ಷೆ ಮುಗಿದ ಮಾರನೇ ದಿನವೇ ಹೊರಟೆ. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸುವಾಗ, ಅಪ್ಪ ಹೇಳಿಕೊಟ್ಟಿದ್ದಂತೆ ಹೆದ್ದಾರಿ ಪಕ್ಕದ ಪಂಚರ್ ಅಂಗಡಿಗೆ ಹೋಗಿ ಲಾರಿಯದೊಂದು ಹಳೇ ಟ್ಯೂಬು ಕೇಳಿದೆ. ಅಂಗಡಿಯಾತ ಕೇರಳದವನು. ಯಾಕೆಂದು ವಿಚಾರಿಸಿ, ಈಜು ಕಲಿಯಲು ಎಂದಾಗ ತನ್ನ ಬಾಯಲ್ಲಿದ್ದ ಬೀಡಿ ತೆಗೆದು, "ನಮ್ದು ಊರಲ್ಲಿ ಮಗು ನಡಿಯಕ್ ಮುಂಚೆ ಈಜ್ತದೆ," ಎಂದು ಹೆಮ್ಮೆಯಿಂದ ಹೇಳಿದ. ಇದ್ದುದರಲ್ಲಿ ಒಳ್ಳೆಯದನ್ನು ಆರಿಸಿ, ತೂತು ಮುಚ್ಚಿ, ಮಡಿಸಿ ಕೊಟ್ಟ. ಹಂಗಳದಲ್ಲಿ ಅದಕ್ಕೆ ಗಾಳಿ ತುಂಬಿದ್ದು ಸೈಕಲ್ ಪಂಪಿನಿಂದ. ಚಿಕ್ಕಪ್ಪ ಹೊಡೆದು ಸುಸ್ತಾದರೆ ನಾನು, ನಾನು ಸುಸ್ತಾದರೆ ಚಿಕ್ಕವ್ವ. ಮಧ್ಯಾಹ್ನವೆಲ್ಲ ಅದೇ ಆಯಿತು.

ಆ ಹೊತ್ತಿಗೆ ಮನೆಯಲ್ಲಿ ದೊಡ್ಡದೊಂದು ವಿಚಾರಣೆಯೇ ನಡೆದಿತ್ತು. ಚಿಕ್ಕವ್ವನ ಅತ್ತೆ, ನನಗೆ ಅಜ್ಜಿ, ಗೋಡೆಗೊರಗಿ ಕಾಲು ಚಾಚಿಕೊಂಡು ಕೂತಿದ್ದವರು, "ಏನಮ್ಮಿ, ನಿಂಗೆ ಈಜು ಬತ್ತದಾ?" ಎಂದು ಸೊಸೆಯನ್ನು ಕೇಳಿದರು.

"ಬತ್ತದೆ ಅತ್ತೆಮ್ಮ."

"ಈ ಮನೆಗೆ ಬಂದು ಇಷ್ಟು ವರ್ಸ ಆಯ್ತು, ಒಂದಿನಾನೂ ಏಳ್ನಿಲ್ವಲ್ಲ?"

"ನೀವು ಕೇಳ್ನಿಲ್ವಲ್ಲ."

ಚಿಕ್ಕಪ್ಪ ಪಂಪು ಹೊಡೆಯುವುದನ್ನು ನಿಲ್ಲಿಸಿ ಹೆಂಡತಿಯನ್ನೇ ನೋಡಿದರು. ಅವರಿಗೂ ಗೊತ್ತಿರಲಿಲ್ಲ. ನಾನು ಇನ್ನೇನು ಬೈಗುಳ ಬರುತ್ತದೆ ಎಂದುಕೊಂಡೆ. ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು, "ನಾಳೆ ನಾನೂ ಬತ್ತೀನಿ. ನೋಡ್ಬೇಕು," ಎಂದರು.

ಬಾವಿ ಇದ್ದದ್ದು ಊರಾಚೆ, ಅವರ ಹೊಲದಲ್ಲಿ. ಕಲ್ಲು ಕಟ್ಟಿದ ದುಂಡನೆಯ ಬಾವಿ, ಒಂದು ಬದಿಗೆ ಇಳಿಯಲು ಮೆಟ್ಟಿಲು. ಆ ಹೊಲಗಳಾಚೆಗೆ ಕಾಡು. ಬಿಸಿಲು ಚೆನ್ನಾಗಿ ಏರಿದ ಮೇಲೆಯೇ ನಾವು ಹೋಗುತ್ತಿದ್ದೆವು, ಏಕೆಂದರೆ ಬೆಳಗಿನ ಜಾವ ಆನೆಗಳು ಅದೇ ದಾರಿಯಲ್ಲಿ ವಾಪಸು ಹೋಗುತ್ತಿದ್ದವು. ಒಂದು ದಿನ ಬೇಲಿ ಮುರಿದಿತ್ತು, ಲದ್ದಿ ಇನ್ನೂ ಹಬೆಯಾಡುತ್ತಿತ್ತು. ಅಜ್ಜಿ ಅದನ್ನು ನೋಡಿ, "ಇವತ್ತು ಅವರ ಸರದಿ, ನಡೀರಿ ಮನೆಗೋಗನ," ಎಂದು ನಮ್ಮನ್ನು ತಿರುಗಿಸಿಕೊಂಡು ಬಂದರು.

ಮೊದಲ ದಿನ ನಾನು ಅಪ್ಪನ ಹಳೇ ಅಂಗಿ, ಚೂಡಿದಾರದ ಪ್ಯಾಂಟು ತೊಟ್ಟು ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದೆ. ಅಜ್ಜಿ ಬಾವಿಯ ಕಟ್ಟೆಯ ಮೇಲೆ ಕೋಲು ಹಿಡಿದು ಕೂತಿದ್ದರು, ಗಂಡು ಹುಡುಗರು ಯಾರೂ ಹತ್ತಿರ ಸುಳಿಯದ ಹಾಗೆ. ಚಿಕ್ಕವ್ವ ಸೀರೆಯನ್ನು ಕಚ್ಚೆ ಹಾಕಿ ಬಿಗಿದಳು, ಬಳೆಗಳನ್ನು ಮೇಲಕ್ಕೆ ಸರಿಸಿದಳು. ಮೆಟ್ಟಿಲಿಳಿದು ಬರುತ್ತಾಳೆಂದು ನಾನು ಕಾಯುತ್ತಿದ್ದರೆ ಅವಳು ಮೇಲಿನಿಂದಲೇ ಹಾರಿದಳು. ನೀರು ಎದ್ದು ಗೋಡೆಗೆ ಬಡಿಯಿತು. ಆಮೇಲೆ ಏನೂ ಇಲ್ಲ. ಹಸಿರು ನೀರು ಕದಲುತ್ತಿತ್ತು ಅಷ್ಟೆ. ಅಜ್ಜಿ ಎದ್ದು ನಿಂತು, "ಅಯ್ಯೋ ನನ್ ಸೊಸೆ!" ಎಂದು ಕೂಗಿದರು. ಅಷ್ಟರಲ್ಲಿ ಬಾವಿಯ ಆಚೆ ಬದಿಯಲ್ಲಿ ತಲೆ ಎದ್ದಿತು. ಚಿಕ್ಕವ್ವ ಮುಖದ ನೀರು ಒರೆಸಿಕೊಂಡು ನಕ್ಕ ನಗುವನ್ನು ನಾನು ಅದಕ್ಕೆ ಮುಂಚೆ ಅವಳ ಮುಖದಲ್ಲಿ ಕಂಡಿರಲಿಲ್ಲ.

"ಏನೂ ಮರ್ತಿಲ್ಲ ಕಣಮ್ಮಿ," ಎಂದಳು. "ಕೈಕಾಲಿಗೆ ಎಲ್ಲ ಗೆಪ್ತಿ ಅದೆ!"

ನನಗೆ ಕಲಿಯುವುದು ಅಷ್ಟು ಸುಲಭವಾಗಲಿಲ್ಲ. ಟ್ಯೂಬಿನೊಳಗೆ ತೂರಿಕೊಂಡು ತೇಲುವುದೇನೋ ಬಂತು, ಆದರೆ ಅದರಿಂದ ಹೊರಗೆ ಬರಲು ಮನಸ್ಸೇ ಆಗುತ್ತಿರಲಿಲ್ಲ. ಮೂಗಿಗೆ ನೀರು ನುಗ್ಗಿ ನೆತ್ತಿಯವರೆಗೆ ಉರಿಯುತ್ತಿತ್ತು. ಚಿಕ್ಕವ್ವ ನನ್ನ ಹೊಟ್ಟೆಯ ಕೆಳಗೆ ಅಂಗೈ ಇಟ್ಟು ಕಾಲು ಬಡಿಸುತ್ತಿದ್ದಳು. "ನೀರ ಒಡೀಬ್ಯಾಡ, ನೀರೇನು ನಿನ್ ಶತ್ರುನಾ? ತಳ್ಳು, ಮೆತ್ತಗೆ ಇಂದಕ್ಕೆ ತಳ್ಳು." ಒಂದು ದಿನ ಹಾಗೆ ತಳ್ಳುತ್ತ ಹೋಗಿ ಗೋಡೆ ಮುಟ್ಟಿ ತಿರುಗಿ ನೋಡಿದರೆ ಅವಳು ಅಲ್ಲೇ, ಮೆಟ್ಟಿಲ ಹತ್ತಿರ ನಿಂತು ಎರಡೂ ಕೈ ಮೇಲೆತ್ತಿ ತೋರಿಸುತ್ತಿದ್ದಳು. ಕೈ ಯಾವಾಗ ತೆಗೆದಿದ್ದಳೋ ಗೊತ್ತೇ ಆಗಿರಲಿಲ್ಲ. ಮೇಲಿನಿಂದ ಅಜ್ಜಿ, "ಬಂತು ಬುಡು, ಬಂತು ಬುಡು!" ಎಂದು ಕೋಲು ಕುಟ್ಟುತ್ತಿದ್ದರು. ಅಷ್ಟು ಹೊತ್ತಿಗೆ ಅಜ್ಜಿಯ ಜೊತೆ ಕೂತು ನೋಡಲು ಊರ ನಾಲ್ಕಾರು ಹೆಂಗಸರು ಬರತೊಡಗಿದ್ದರು. ನಮ್ಮ ಸೊಸೆ ಈಜುತ್ತಾಳೆ, ಬನ್ನಿ ನೋಡಿ ಎಂದು ಕರೆದುಕೊಂಡು ಬರುತ್ತಿದ್ದವರು ಅಜ್ಜಿಯೇ.

ಸಂದರ್ಶನಕ್ಕೆ ಕರೆ ಬಂದಾಗ ಅಪ್ಪ ಅರಿಶಿನದ ವ್ಯಾಪಾರದಲ್ಲಿ ಸಿಕ್ಕಿಕೊಂಡಿದ್ದರು. "ಈಜು ಕಲಿಸಿದ ಗುರುವೇ ಜೊತೆಲಿ ಓಗ್ಲಿ," ಎಂದು ಅವ್ವ ತೀರ್ಮಾನ ಮಾಡಿದಳು. ಚಿಕ್ಕವ್ವ ಗುಂಡ್ಲುಪೇಟೆ ಕಡೆಯಿಂದ, ನಾನೂ ಗೆಳತಿಯೂ ಚಾಮರಾಜನಗರದ ಕಡೆಯಿಂದ ಬಂದು ಮೈಸೂರಿನ ಬಸ್ ನಿಲ್ದಾಣದಲ್ಲಿ ಸೇರಿದೆವು. ಚಿಕ್ಕವ್ವ ಮದುವೆಗೆ ಉಡುವ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಬಂದಿದ್ದಳು.

ಪಾರ್ಕಿನ ಬಾಗಿಲಲ್ಲಿ ಸಿಮೆಂಟಿನ ದೊಡ್ಡದೊಂದು ಕಪ್ಪೆ ಬಾಯಿ ತೆರೆದುಕೊಂಡು ಕೂತಿತ್ತು. ಅದರ ಬಾಯೊಳಗಿಂದಲೇ ಒಳಗೆ ಹೋಗಬೇಕು. ಆಫೀಸಿನಲ್ಲಿ ಟೈ ಕಟ್ಟಿದ ಮ್ಯಾನೇಜರೂ ಕೊಳದ ಉಸ್ತುವಾರಿ ನೋಡುವ ಮೇಡಮ್ಮೂ ಕೂತಿದ್ದರು. ಗೆಳತಿ ಬೇಗ ಮುಗಿಸಿ ನಗುತ್ತ ಬಂದಳು. ನನ್ನ ಸರದಿ ಬಂದಾಗ ಮ್ಯಾನೇಜರು ಇಂಗ್ಲಿಷಿನಲ್ಲಿ ಏನೋ ಕೇಳಿದರು. ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ. ಅವರೂ ಕನ್ನಡಕ್ಕೆ ಬಂದರು.

"ಹೆಂಗಸರ ಕೊಳಕ್ಕೆ ಗಂಡಸರು ಬಂದುಬಿಟ್ಟರೆ ಏನು ಮಾಡ್ತೀಯಮ್ಮ?"

"ಆಚೆ ಹೋಗಿ ಅಂತೀನಿ ಸಾರ್."

"ಹೋಗದೇ ಇದ್ದರೆ? ನನ್ನನ್ನೇ ಅವನು ಅಂದ್ಕೋ. ಹೇಳು."

ನನಗೆ ಏನಾಯಿತೋ, ಎದ್ದು ನಿಂತು ಊರಿನ ದನಿಯಲ್ಲಿ, "ಏಯ್, ಕಣ್ ಕಾಣ್ಸಲ್ವಾ? ಎಂಗಸ್ರು ಅವ್ರೆ, ಓಗು ಅತ್ಲಾಗೆ!" ಎಂದುಬಿಟ್ಟೆ. ಮೇಡಮ್ಮಿಗೆ ನಗು ತಡೆಯಲಾಗಲಿಲ್ಲ. ಮ್ಯಾನೇಜರು ಕುರ್ಚಿ ಸ್ವಲ್ಪ ಹಿಂದಕ್ಕೆ ಸರಿಸಿ, "ಸಾಕು ಸಾಕು," ಎಂದರು.

ಆಮೇಲೆ ಈಜಿನ ಪರೀಕ್ಷೆ. ಬಾವಿಯ ನೀರು ಹಸಿರು, ತಳ ಕಾಣುತ್ತಿರಲಿಲ್ಲ. ಇಲ್ಲಿ ತಳದ ನೀಲಿ ಹಂಚುಗಳ ಗೆರೆ ಗೆರೆಯೂ ಕಾಣುತ್ತಿತ್ತು. ಈ ಬದಿಯಿಂದ ಆ ಬದಿಗೆ ಹೋಗಿ ಬಾ ಎಂದರು. ಇಳಿದು ಈಜತೊಡಗಿದೆ. ಸ್ವಲ್ಪ ಹೊತ್ತಿಗೆ ನೋಡಿದರೆ ಹೊರಟ ಜಾಗಕ್ಕೇ ಬಂದಿದ್ದೆ. ಮತ್ತೆ ಹೊರಟೆ, ಮತ್ತೆ ಬಳಸಿಕೊಂಡು ಅಲ್ಲಿಗೇ ಬಂದೆ. ದುಂಡು ಬಾವಿಯಲ್ಲಿ ಗೋಡೆಗುಂಟ ಸುತ್ತಿ ಸುತ್ತಿ ಕಲಿತವಳಿಗೆ ನೇರಕ್ಕೆ ಹೋಗುವುದೇ ಬರುತ್ತಿರಲಿಲ್ಲ! ದಡದಲ್ಲಿದ್ದ ಬೇರೆ ಅಭ್ಯರ್ಥಿಗಳು ಕಿಸಕ್ಕನೆ ನಕ್ಕರು. ನನಗೆ ಕಣ್ಣೀರೇ ಬಂತು, ನೀರಿನಲ್ಲಿದ್ದುದರಿಂದ ಯಾರಿಗೂ ಕಾಣಲಿಲ್ಲ.

ಆಗ ಚಿಕ್ಕವ್ವ ಬುತ್ತಿಯ ಚೀಲವನ್ನು ಗೆಳತಿಯ ಕೈಗೆ ಕೊಟ್ಟು, ಕೊಳವನ್ನು ಬಳಸಿ ಎದುರು ಬದಿಗೆ ಓಡಿದಳು. ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, "ಅಮ್ಮಿ, ಗ್ವಾಡೆ ನೋಡ್ಬ್ಯಾಡ! ನನ್ ಮೊಕ ನೋಡ್ಕೊಂಡು ಬಾ!" ಎಂದು ಕೂಗಿದಳು. ನಾನು ಅವಳ ಮುಖವನ್ನೇ ನೋಡುತ್ತ ನೀರು ತಳ್ಳಿದೆ. ಅವಳ ಹಣೆಯ ಕುಂಕುಮ ದೊಡ್ಡದಾಗುತ್ತ ದೊಡ್ಡದಾಗುತ್ತ ಬಂತು. ಕೊನೆಗೆ ಅವಳ ಕೈ ಸಿಕ್ಕಿತು.

ಮೇಡಮ್ಮು ಬಂದು ಚಿಕ್ಕವ್ವನನ್ನು, "ಕಲಿಸಿದ್ದು ನೀವಾ? ನಿಮಗೂ ಈಜು ಬರುತ್ತಾ?" ಎಂದು ಕೇಳಿದರು. ಬರುತ್ತದೆ ಎಂದು ಗೊತ್ತಾದಾಗ, "ನೀವೂ ಕೆಲಸಕ್ಕೆ ಬನ್ನಿ, ಹೆಂಗಸರೇ ಸಿಗುತ್ತಿಲ್ಲ," ಎಂದರು. ತಮಾಷೆಗೆ ಹೇಳಿದ್ದಲ್ಲ. ಚಿಕ್ಕವ್ವ ಒಂದು ಗಳಿಗೆ ಆ ನೀಲಿ ನೀರನ್ನು ನೋಡಿದಳು.

"ಎರಡು ಕರೆಯೋ ಎಮ್ಮೆ ಅವೆ ಕಣವ್ವ, ಬುಟ್ಟು ಬರಾಕಾಯ್ತದಾ?" ಎಂದಳು. ಆಮೇಲೆ ಸ್ವಲ್ಪ ನಾಚಿಕೊಂಡು, "ಒಂದ್ ಸರ್ತಿ ಇಳೀಲಾ?" ಎಂದು ಕೇಳಿದಳು.

ಇಳಿದಳು. ಮದುವೆಯ ಸೀರೆಯಲ್ಲೇ ಕಚ್ಚೆ ಹಾಕಿ, ಆ ತುದಿಯಿಂದ ಈ ತುದಿಗೆ ನೀರಿನಡಿಯಲ್ಲೇ ಬಂದಳು. ನನ್ನನ್ನು ನೋಡಿ ನಕ್ಕಿದ್ದವರೇ ಚಪ್ಪಾಳೆ ಹೊಡೆದರು. ಬಿಸಿಲಲ್ಲಿ ಸೀರೆ ಆರಿಸಿಕೊಳ್ಳುತ್ತ, ಮೂವರೂ ಮರದ ಕೆಳಗೆ ಕೂತು ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು. ಮೈಸೂರಿನ ಬಸ್ ನಿಲ್ದಾಣದವರೆಗಿನ ದಾರಿಯುದ್ದಕ್ಕೂ ಚಿಕ್ಕವ್ವ ಆ ನೀರಿನ ವಾಸನೆಯ ಬಗ್ಗೆಯೇ ಮಾತಾಡಿದಳು. "ಔಷ್ದಿ ವಾಸ್ನೆ ಕಣಮ್ಮಿ. ನಮ್ ಬಾವಿ ನೀರೇ ವಾಸಿ," ಎಂದಳು. ಆದರೂ ಮುಖ ತುಂಬ ಖುಷಿ ಇತ್ತು.

ನಮ್ಮಿಬ್ಬರಿಗೂ ಕೆಲಸ ಸಿಕ್ಕಿತು. ಗೆಳತಿ ಟಿಕೆಟ್ ಕಿಟಕಿಯಲ್ಲಿ, ನಾನು ಹೆಂಗಸರ ಕೊಳದಲ್ಲಿ. ಅಪ್ಪ ತಾವೇ ಬಂದು ಹಾಸಿಗೆ ಸುತ್ತಿದ ಚಾಪೆ, ಟ್ರಂಕು ಇಳಿಸಿ, ಹುಡುಗಿಯರು ಮಲಗುವ ಕೋಣೆಯ ಚಿಲಕವನ್ನು ಎಳೆದೆಳೆದು ನೋಡಿ, ಸಮಾಧಾನವಾದ ಮೇಲೆ ಹೋದರು. ಆ ರಜೆಯಲ್ಲಿ ಮುಳುಗುತ್ತಿದ್ದ ಯಾರನ್ನೂ ನಾನು ಉಳಿಸಲಿಲ್ಲ, ಅಂಥ ಪ್ರಸಂಗವೇ ಬರಲಿಲ್ಲ. ಸೀಟಿ ಊದುವುದು, ಓಡುವ ಮಕ್ಕಳನ್ನು ನಡೆಸುವುದು, ಕಳೆದುಹೋದ ಚಪ್ಪಲಿ ಹುಡುಕಿಕೊಡುವುದು, ಕಿವಿಯೋಲೆ ಬಿಚ್ಚಿಡಿ ಎಂದು ಹೇಳುವುದು ಇಷ್ಟೇ ಕೆಲಸ. ಸಂಜೆ ಹೊತ್ತಿಗೆ ಅಂಗಾಲು ನೆನೆದು ಬೆಳ್ಳಗಾಗಿರುತ್ತಿತ್ತು. ರಾಶಿ ಅನ್ನ ತಿಂದು ಕಂಬಳಿ ಎಳೆದುಕೊಂಡರೆ ಬೆಳಗಾಗುತ್ತಿತ್ತು.

ಮುಂದಿನ ವರ್ಷದ ರಜೆಯಲ್ಲೂ ಹೋದೆ. ಆಮೇಲೆ ಬಿ.ಎಡ್. ಮಾಡಿ ನಮ್ಮ ಕಡೆಯೇ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಪಾರ್ಕಿನ ದಿನಗಳೆಂದರೆ ನನಗೆ ಹೆಚ್ಚಾಗಿ ನೆನಪಾಗುವುದು ಮೊದಲ ರಜೆಯ ಕೊನೆಯ ವಾರ. ತೆರಕಣಾಂಬಿ ಕಡೆಯಿಂದ ಟೆಂಪೋ ಮಾಡಿಕೊಂಡು ಹೆಂಗಸರು ಬಂದಿದ್ದರು. ಈರುಳ್ಳಿ ಕಿತ್ತು ಮುಗಿಸಿ, ಎಲ್ಲರೂ ಕೂಡಿ ಹೊರಟು ಬಂದವರು. ಕೊಳದ ಸುತ್ತ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರೇ ಹೊರತು ಒಬ್ಬರೂ ಇಳಿಯಲಿಲ್ಲ.

"ಬನ್ರವ್ವ, ಮೊಣಕಾಲುದ್ದ ಅದೆ ಅಷ್ಟೆಯ," ಎಂದೆ.

ಅವರಲ್ಲಿ ಎಲ್ಲರಿಗಿಂತ ಹಿರಿಯಳು ನನ್ನ ಸಮವಸ್ತ್ರವನ್ನು ಮೇಲಿಂದ ಕೆಳಗೆ ನೋಡಿ, "ಯಾವೂರಮ್ಮಿ ನಿಂದು?" ಎಂದಳು.

"ಅರದನಳ್ಳಿ."

"ಅಯ್ಯೋ, ನಮ್ ಕಡೆ ಉಡ್ಗಿ ಕಣ್ರೇ!" ಎಂದು ಅವಳು ನನ್ನ ಕೈ ಹಿಡಿದುಕೊಂಡಳು. ಹಾಗೆ ಹಿಡಿದವಳು ಬಿಡಲೇ ಇಲ್ಲ. ಅವಳ ಕೈಯನ್ನು ಇನ್ನೊಬ್ಬಳು, ಅವಳದನ್ನು ಮತ್ತೊಬ್ಬಳು ಹಿಡಿದು, ಸಾಲಾಗಿ ಎಲ್ಲರೂ ಇಳಿದರು. ಮೊದಲು ಕಿರುಚಿದರು, ಆಮೇಲೆ ನಕ್ಕರು, ಆಮೇಲೆ ಒಬ್ಬರಿಗೊಬ್ಬರು ನೀರೆರಚತೊಡಗಿದರು. ಸಂಜೆ ಮುಚ್ಚುವ ಹೊತ್ತಾಗಿ ನಾನು ಸೀಟಿ ಊದಿದಾಗ ಮಿಕ್ಕವರೆಲ್ಲ ಎದ್ದು ಸೀರೆ ಹಿಂಡಿಕೊಳ್ಳುತ್ತಿದ್ದರು. ಆ ಮುದುಕಿ ಮಾತ್ರ ಎದೆಯವರೆಗೆ ನೀರಿನಲ್ಲಿ ಕೂತು, ಕಣ್ಣು ಮುಚ್ಚಿಕೊಂಡು, "ಇನ್ನೊಂದ್ ಗಳ್ಗೆ ಇರ್ತೀನಿ ಬುಡವ್ವ," ಎಂದಳು.

ನಾನು ಇನ್ನೊಂದು ಸಲ ಊದಲಿಲ್ಲ. ಕೊಳದ ಅಂಚಿನಲ್ಲಿ ಕೂತು ನನ್ನ ಕಾಲನ್ನೂ ನೀರಿಗೆ ಇಳಿಬಿಟ್ಟೆ.